1992ರ ಆ ಕಿಕ್ ಸದ್ದು: ಟ್ರಿಗ್ಗರಾ, ಬೀಟರಾ, ಕಾಲಾ?

ತೋರಣಗಲ್ಲು ಡಬಲ್‌ಪೆಡಲ್
ಅಮೆರಿಕದ ಮೆಟಲ್ ಬ್ಯಾಂಡ್ ಪ್ಯಾಂಟೆರಾದ ‘ವಲ್ಗರ್ ಡಿಸ್‌ಪ್ಲೇ ಆಫ್ ಪವರ್’ ಆಲ್ಬಮ್ 1992ರದು. ಗ್ರೂವ್ ಮೆಟಲ್ ಡ್ರಮ್ಸ್ ಅಂದ್ರೆ ಇವತ್ತಿಗೂ ಮೊದಲು ಅದೇ ನೆನಪಾಗ್ತೈತೆ. ಅವರ ಡ್ರಮ್ಮರ್ ವಿನ್ನಿ ಪಾಲ್‌ನ ಕಿಕ್‌ನಲ್ಲಿ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಮೇಲೆ ‘ಟಕ್’, ಕೆಳಗೆ ‘ಧಮ್’, ನಡುವೆ ಖಾಲಿ. ಗಿಟಾರ್ ಎಷ್ಟೇ ದಪ್ಪ ಇದ್ರೂ ಒಂದು ಏಟೂ ಮುಚ್ಚಿಹೋಗಲ್ಲ. ಇದು ಪೂರ್ತಿ ಟ್ರಿಗ್ಗರ್ (ಏಟು ಗುರುತಿಸಿ, ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದು ಹೊಡೆಸೋ ಸೆನ್ಸರ್) ಕೆಲಸ ಅನ್ನೋದು ನನ್ನ ವಾದ. ಆತ ಟ್ರಿಗ್ಗರ್ ಬಳಸ್ತಿದ್ದದ್ದು ಎಲ್ಲರಿಗೂ ಗೊತ್ತಿರೋದೇ. ನಮ್ಮ ಬ್ಯಾಂಡಿನ ಕಿಟ್: 22 ಇಂಚಿನ ಒಂದೇ ಕಿಕ್, ಡಬಲ್ ಪೆಡಲ್, ಫೆಲ್ಟ್ ಬೀಟರ್ (ಪೆಡಲ್ ಒತ್ತಿದಾಗ ಡ್ರಮ್ಮಿಗೆ ಬಡಿಯೋ ಸುತ್ತಿಗೆ), ಕಿಟ್ ಜೊತೆ ಬಂದ ಹೆಡ್ (ಡ್ರಮ್ಮಿನ ಹೊದಿಕೆ). ರೂಮು 10×10 ಅಡಿ, ಎತ್ತರಾನೂ 10, ಕೆಳಗೆ ಕಡಪ ಕಲ್ಲು. ಬರೋದು ಬರೀ ‘ಬೊಂ’. ಇರೋ ದುಡ್ಡಲ್ಲಿ ಟ್ರಿಗ್ಗರ್, ಅದರ ಸದ್ದು ಹೊರಡಿಸೋ ಮಾಡ್ಯೂಲ್ ತಗೊಳ್ಳೋದಾ ಹೇಳ್ರಿ.

ಗಂಗಾವತಿ ಗೇಟ್
ಈಗ ತಗೋಬ್ಯಾಡ್ರಿ. ಟ್ರಿಗ್ಗರ್ ಕೊನೀ ಮೆಟ್ಟಿಲು, ಮೊದಲಿಂದಲ್ಲ. ಆ ರೆಕಾರ್ಡ್ ಆಗಿದ್ದು ಟೆಕ್ಸಾಸ್‌ನ ಪ್ಯಾಂಟೆಗೋ ಸೌಂಡ್ ಸ್ಟುಡಿಯೋದಾಗ, ಪ್ರೊಡ್ಯೂಸರ್ ಟೆರ್ರಿ ಡೇಟ್. ವಿನ್ನಿ ಪಾಲ್ ತಾನೂ ರೆಕಾರ್ಡಿಂಗ್ ಎಂಜಿನಿಯರಿಂಗ್ ಬಲ್ಲಾಂವ ಆಗಿದ್ದ. ಸ್ಟುಡಿಯೋ ಅವರಪ್ಪಂದು, ಅಲ್ಲೇ ಕಲಿತಿದ್ದು. ಮೈಕ್‌ಗೆ ಏನು ಹೋಗ್ತೈತಿ, ಟೇಪಿಗೆ ಏನು ಬರ್ತೈತಿ ಅನ್ನೋದು ಬಾರಿಸೋವಾಗಲೇ ಅವನಿಗೆ ಗೊತ್ತಿತ್ತು. ಡ್ರಮ್ಮಿನೊಳಗ ‘ಟಕ್’ ಇಲ್ಲಂದ್ರ ಈಕ್ಯೂನಾಗ (ಬೇರೆ ಬೇರೆ ಸ್ಥಾಯಿಯ ಸದ್ದು ಏರಿಸಿ ಇಳಿಸೋ ಸಾಧನ) ಎಷ್ಟು ಎತ್ತಿದ್ರೂ ಬರೀ ಸಿಂಬಲ್ ಸದ್ದು ಎದ್ದು ಬರ್ತೈತಿ.

ನಿಮ್ಮ ರೂಮಿನ ಲೆಕ್ಕ ನೋಡ್ರಿ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 1130 ಅಡಿ. ಅದನ್ನ ಗೋಡೆಯಿಂದ ಗೋಡೆಯ ದೂರದ ಎರಡರಷ್ಟರಿಂದ ಭಾಗಿಸಿದ್ರ ರೂಮು ಗುಂಯ್‌ಗುಡೋ ಸ್ಥಾಯಿ ಸಿಗ್ತೈತಿ: 1130 ಭಾಗಿಸು 20, ಅಂದ್ರ 56 ಹರ್ಟ್ಝ್. ನಿಮ್ಮ ಉದ್ದ, ಅಗಲ, ಎತ್ತರ ಮೂರೂ 10. ಮೂರೂ ಒಂದೇ ಜಾಗದಾಗ ಗುಂಯ್‌ಗುಡ್ತಾವ, 22 ಇಂಚಿನ ಕಿಕ್‌ನ ತಳಸ್ಥಾಯಿನೂ ಅಲ್ಲೇ ಸುತ್ತಮುತ್ತ ಇರ್ತೈತಿ. ಟ್ರಿಗ್ಗರ್ ಸ್ಯಾಂಪಲ್ಲನ್ನ (ರೆಕಾರ್ಡ್ ಮಾಡಿಟ್ಟ ಸದ್ದು) ಅದೇ ರೂಮಿನ ಸ್ಪೀಕರ್‌ನಾಗ ಬಿಟ್ರ ಅದೂ ‘ಬೊಂ’ ಅಂತೈತಿ.

ಕೌಲ್‌ಬಜಾರ್ ಕಿಕ್
ರೂಮಿಗೆ ಮದ್ದು ಬಳ್ಳಾರಿಯಲ್ಲೇ ಐತಲ್ಲಣ್ಣಾ. ಜೀನ್ಸ್ ಹೊಲಿಯೋ ಯೂನಿಟ್‌ಗಳಲ್ಲಿ ಕಟಿಂಗ್ ವೇಸ್ಟ್ ಮೂಟೆಗಟ್ಟಲೆ ಸಿಗ್ತೈತೆ. 2×4 ಅಡಿ, 4 ಇಂಚು ಆಳದ ಮರದ ಫ್ರೇಮ್ ಮಾಡಿಸಿ, 3ರಿಂದ 4 ಕೆಜಿ ಡೆನಿಮ್ ಚೂರು ಸಡಿಲವಾಗಿ ತುಂಬಿ, ಮುಂದೆ ತೆಳು ಕಾಟನ್ ಬಟ್ಟೆ ಬಿಗೀರಿ. ಒತ್ತಿ ತುರುಕಿದ್ರೆ ಗಾಳಿ ಓಡಾಡಲ್ಲ, ಸದ್ದು ಹೀರೋ ಬದಲು ವಾಪಸ್ ಬರ್ತೈತೆ. ಚೂರು ಕೆಳಗೆ ಕುಸೀದಂಗೆ ಫ್ರೇಮ್ ನಡುವೆ ಒಂದೊಂದು ಅಡಿಗೆ ದಾರದ ಬಲೆ ಕಟ್ರಿ. ನಾಲ್ಕು ಮೂಲೇಲೂ ನೆಲದಿಂದ ಸೂರಿನವರೆಗೆ ಅಡ್ಡಲಾಗಿ ಇಡ್ರಿ, ಹಿಂದೆ ಖಾಲಿ ಜಾಗ ಇರ್ಲಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋದ್ರಿಂದ 56 ಹರ್ಟ್ಝ್‌ಗೆ ಏನೂ ಆಗಲ್ಲ, ಅದನ್ನ ಮಾತ್ರ ಮಾಡಬೇಡ್ರಿ. ಬೆಂಕಿ ಹತ್ತಿದ್ರೂ ಕಷ್ಟ.

ರಾಯಚೂರು ರಿಮ್‌ಶಾಟ್
ರೂಮು ಆಮೇಲೆ ನೋಡ್ರಿ, ಮೊದಲು ಹೆಡ್ ಬದಲಿ ಮಾಡ್ರಿ. ಕಿಟ್ ಜೊತಿ ಬರೋ ತೆಳು ಹೆಡ್‌ನಾಗ ಆ ಸದ್ದು ಇಲ್ಲವೇ ಇಲ್ಲ. ರೆಮೋ ಪವರ್‌ಸ್ಟ್ರೋಕ್ 3 ಕ್ಲಿಯರ್ ಇಲ್ಲಾ ಇವಾನ್ಸ್ ಇಮ್ಯಾಡ್, ಎರಡ್ರಾಗ ಒಂದು. ಅಂಚಿನಾಗೇ ಸದ್ದು ತಡಿಯೋ ರಿಂಗ್ ಅದ, ಅದಕ್ಕ ತಲಿದಿಂಬು ತುರುಕೋದು ಕಡಿಮಿ ಆಗ್ತದ.

ಟ್ಯೂನಿಂಗ್ ಹಿಂಗ. ಎಲ್ಲ ಲಗ್ (ಹೆಡ್ ಬಿಗಿಯೋ ಸ್ಕ್ರೂ) ಬೆರಳಿಂದ ಬಿಗಿ ಮಾಡ್ರಿ, ಇನ್ನ ತಿರುಗಲ್ಲ ಅನ್ನೋತನ. ನಡುವ ಅಂಗೈಲೆ ಒತ್ತಿದ್ರ ಅಂಚಿನಾಗ ಸುಕ್ಕು ಕಾಣ್ತದ. ಎದುರಾಬದುರು ಲಗ್‌ಗಳನ್ನ ಜೋಡಿ ಮಾಡಿ, ಒಮ್ಮೆಗೆ ಕಾಲು ತಿರುವು ಕೊಡ್ರಿ. ಸುಕ್ಕು ಹೋದ ಕೂಡಲೇ ನಿಲ್ಸಿ, ಮ್ಯಾಲೆ ಇನ್ನೊಂದು ಕಾಲು ತಿರುವು, ಅಷ್ಟೇ. ಮುಂದಿನ ಹೆಡ್ ಅದಕ್ಕಿಂತ ತುಸು ಬಿಗಿ, ನಡುವ ಬಿಟ್ಟು ಬದಿಗೆ 5 ಇಂಚಿನ ತೂತು. ಒಳಗ ದಿಂಬು ಹೊಡಿಯೋ ಹೆಡ್ಡಿಗೆ ತಾಗಿದ್ರ ಸಾಕು, ಒತ್ತಬಾರದು. ಒತ್ತಿದ್ರ ‘ಧಮ್’ ಸತ್ತು ರಟ್ಟಿನ ಡಬ್ಬಿ ಸದ್ದು ಬರ್ತದ.

ತೋರಣಗಲ್ಲು ಡಬಲ್‌ಪೆಡಲ್
ಸರಿ, ‘ಧಮ್’ ಇದ್ರಿಂದ ಬರ್ತೈತೆ. ‘ಟಕ್’? ಹೆಡ್ಡಿಗೆ ನಾಣ್ಯ ಅಂಟಿಸ್ತಿದ್ರು ಅಂತಾರಲ್ಲ, ಎರಡು ರೂಪಾಯಿ ನಾಣ್ಯ ನಡೆಯುತ್ತಾ?

ಕೌಲ್‌ಬಜಾರ್ ಕಿಕ್
ಆ ಕಾಲದ ಮೆಟಲ್ ಡ್ರಮ್ಮರ್‌ಗಳು ನಾಣ್ಯ ಅಂಟಿಸ್ತಿದ್ದದ್ದು ನಿಜ. ಮರದ ಬೀಟರ್ ಲೋಹಕ್ಕೆ ಬಡಿದ್ರೆ ‘ಟಕ್’ ತಾನಾಗೇ ಬರ್ತೈತೆ. ಆದ್ರೆ ನಾಣ್ಯದ ಅಂಚು ಪ್ರತಿ ಏಟಿಗೂ ಹೆಡ್ಡನ್ನ ಒಂದೇ ಗೆರೇಲಿ ಒತ್ತುತೈತೆ, ಆ ಗೆರೇಲೇ ಹರೀತೈತೆ. ಬಳ್ಳಾರಿ ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ನಾಣ್ಯ ಜಾರೋದು ಇನ್ನೊಂದು ಕಷ್ಟ. ಅವಧಿ ಮುಗಿದ ಎಟಿಎಂ ಕಾರ್ಡು ವಾಸಿ. ಮೂಲೆ ದುಂಡಗೆ ಕತ್ತರಿಸಿ, ಬೀಟರ್ ಬೀಳೋ ಜಾಗಕ್ಕೆ ಬಟ್ಟೆಯ ಗ್ಯಾಫರ್ ಟೇಪಿಂದ ನಾಲ್ಕೂ ಕಡೆ ಅಂಟಿಸ್ರಿ. ಸರಿಯಾದ ದಾರಿ ಅಂದ್ರೆ ಕೆವ್ಲರ್ (ಬಲು ಗಟ್ಟಿ ನಾರು) ಪ್ಯಾಚ್, ರೆಮೋದವರು ‘ಫಾಲಮ್ ಸ್ಲ್ಯಾಮ್’ ಅಂತ ಮಾರ್ತಾರೆ. ಬೀಟರ್ ಮರದ್ದು ಇಲ್ಲಾ ಗಟ್ಟಿ ಪ್ಲಾಸ್ಟಿಕ್ಕಿಂದು. ಪ್ಯಾಚ್ ಇಲ್ಲದೆ ಮರದ ಬೀಟರ್ ಹಾಕೋದೇ ಬೇಡ.

ಡಬಲ್ ಪೆಡಲ್‌ನವರು ಒಂದು ಗಮನಿಸ್ರಿ. ಬಲಗಾಲಿನ ಬೀಟರ್ ನಟ್ಟನಡುವೆ ಬಿದ್ದು ಎಡದ್ದು ಮೂರು ನಾಲ್ಕು ಇಂಚು ಆಚೆ ಬಿದ್ರೆ ಎರಡು ಏಟಿನ ಸದ್ದು ಬೇರೆ ಬೇರೆ. ಪೆಡಲನ್ನ ತುಸು ಸರಿಸಿ ಎರಡೂ ನಡುವಿನಿಂದ ಸಮ ದೂರಕ್ಕೆ ಬೀಳೋ ಹಂಗೆ ಮಾಡ್ರಿ, ಎರಡು ಜಾಗಕ್ಕೂ ಪ್ಯಾಚ್ ಹಾಕ್ರಿ. ವಿನ್ನಿ ಪಾಲ್‌ಗೆ ಈ ತೊಂದರೇನೇ ಇರಲಿಲ್ಲ, ಆತನದು ಎರಡು ಕಿಕ್ ಡ್ರಮ್.

ಸಿಂಧನೂರು ತಿಶ್ರ
ಎಲ್ಲರೂ ಸಾಮಾನಿನ ಮಾತೇ ಆಡುತ್ತಿದ್ದೀರಿ. ಆ ಆಲ್ಬಮ್ಮಿನ ‘ವಾಕ್’ ಹಾಡನ್ನೇ ತಗೊಳ್ಳಿ. ಅದು 12/8, ವೇಗ ನಿಮಿಷಕ್ಕೆ ಸುಮಾರು 118. ನಮ್ಮ ಲೆಕ್ಕದಲ್ಲಿ ನಾಲ್ಕು ಏಟಿನ ತಾಳಕ್ಕೆ ತಿಶ್ರ ನಡೆ (ಏಟಿಗೆ ಮೂರು ಭಾಗ): ತಕಿಟ ತಕಿಟ ತಕಿಟ ತಕಿಟ. ‘ತ’ ಮತ್ತು ‘ಟ’ ಬಾರಿಸಿ ‘ಕಿ’ ಮೌನವಾಗಿ ಬಿಟ್ಟರೆ ಷಫಲ್ (ತೂಗಾಡುವ ನಡೆ) ಸಿಗುತ್ತದೆ. ಕವರ್ ಬಾರಿಸುವ ಬಹುತೇಕ ಡ್ರಮ್ಮರ್‌ಗಳು ಇದನ್ನು ಚತುರಶ್ರಕ್ಕೆ (ಏಟಿಗೆ ನಾಲ್ಕು ಭಾಗ) ಎಳೆದುಬಿಡುತ್ತಾರೆ.

118ರಲ್ಲಿ ಒಂದು ಏಟು 508 ಮಿಲಿಸೆಕೆಂಡ್. ತಿಶ್ರದ ‘ಟ’ 339ನೇ ಮಿಲಿಸೆಕೆಂಡಿಗೆ ಬೀಳಬೇಕು. ‘ತಕದಿಮಿ’ಯ ‘ಮಿ’ ಜಾಗದಲ್ಲಿ ಹೊಡೆದರೆ 381ಕ್ಕೆ ಬೀಳುತ್ತದೆ. 42 ಮಿಲಿಸೆಕೆಂಡ್ ತಡ. ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಸ್ವರಗಳ ತುಣುಕು) ಮುಂದೆ ಹೋಗಿರುತ್ತದೆ, ಕಿಕ್ ಹಿಂದೆ ಎಡವುತ್ತಿರುತ್ತದೆ. ಯಾವ ಟ್ರಿಗ್ಗರ್ ತಂದರೂ ಈ 42 ತುಂಬುವುದಿಲ್ಲ. ಮೆಟ್ರೊನೋಮ್ 60ಕ್ಕೆ ಇಟ್ಟು, ಬಾಯಲ್ಲಿ ತಕಿಟ ಹೇಳುತ್ತಾ ಬಲಗಾಲಲ್ಲಿ ‘ತ’ ಮತ್ತು ‘ಟ’ ಮಾತ್ರ ಬಾರಿಸಿ. ಬಾಯಿ ನಿಂತರೂ ಕಾಲು ಅಲ್ಲೇ ಬೀಳುವಂತಾದ ಮೇಲೆ ನಾಲ್ಕು ನಾಲ್ಕು ಏರಿಸಿ. ಆಮೇಲೆ ಮೆಟ್ರೊನೋಮ್ 2 ಮತ್ತು 4ನೇ ಏಟಿಗೆ ಮಾತ್ರ ಬರುವಂತೆ ಇಡಿ.

ರಾಯಚೂರು ರಿಮ್‌ಶಾಟ್
ಇದು ನೂರಕ್ಕ ನೂರು ಖರೆ. ನಾ ಒಂದು ಸೇರಿಸ್ತೀನಿ. ಗಿಟಾರ್ ಪಾಮ್‌ಮ್ಯೂಟ್ (ಅಂಗೈಲೆ ತಂತಿ ಅಮುಕಿ ಬಾರಿಸೋದು) ಎಲ್ಲಿ ಕಡಿತದೋ ಅಲ್ಲಿ ಸಿಂಬಲ್‌ನೂ ಕೈಲೆ ಹಿಡೀಬೇಕು. ರಿಫ್ ನಿಂತ ಮ್ಯಾಲೂ ಕ್ರ್ಯಾಶ್ ಸಿಂಬಲ್ ಸದ್ದು ಹರೀತಿದ್ರ ಆ ಮೌನ ಹಾಳಾಗ್ತದ, ಗ್ರೂವ್ (ತಾಳದ ಓಲಾಟ) ಇರೋದೇ ಆ ಮೌನದಾಗ. ಸ್ನೇರ್ (ಸ್ಟಿಕ್ಕಿಲೆ ಬಾರಿಸೋ ಚಿಕ್ಕ ಡ್ರಮ್) ಪ್ರತಿ 2, 4ಕ್ಕೂ ರಿಮ್‌ಶಾಟ್, ಒಂದೇ ಎತ್ತರದಿಂದ. ಸ್ಟಿಕ್ ತುದಿ ನಡುವ, ಕಟ್ಟಿಗಿ ಭಾಗ ರಿಮ್ಮಿಗೆ, ಎರಡೂ ಒಂದೇ ಕ್ಷಣಕ್ಕ. ಸ್ನೇರ್ ಎತ್ತರ ತಪ್ಪಿದ್ರ ಒಂದು ಏಟು ರಿಮ್‌ಶಾಟ್, ಇನ್ನೊಂದು ಬರೀ ಹೆಡ್. ಮೈಕ್‌ನಾಗ ಇದು ದೊಡ್ಡದಾಗಿ ಕೇಳ್ತದ. 14×6.5 ಲೋಹದ ಸ್ನೇರ್ ಇದ್ರ ಅರ್ಧ ಕೆಲಸ ಮುಗೀತು.

ಕಿಕ್ ಬಗ್ಗೆ: ನಿಧಾನ ಗ್ರೂವ್‌ಗೆ ಹಿಮ್ಮಡಿ ಎತ್ತಿ, ತೊಡಿಯಿಂದ ಹೊಡೀರಿ, ಬೀಟರ್ ಹೆಡ್‌ನಾಗೇ ಒತ್ತಿ ಹಿಡೀರಿ. ಆಗ ‘ಧಮ್’ ಚುಟುಕಾಗ್ತದ.

ಕೌಲ್‌ಬಜಾರ್ ಕಿಕ್
ಇಲ್ಲಿ ಒಪ್ಪಲ್ಲ. ಒತ್ತಿ ಹಿಡಿದಾಗ ಬೀಟರ್ ನಿಲ್ಲಲ್ಲ, ಸಣ್ಣಗೆ ಪುಟೀತೈತೆ: ‘ಟಕ್-ಟ್ರ್’. ಇವತ್ತು ಕಿವಿಗೆ ಬೀಳದೆ ಇರಬಹುದು, ನಾಳೆ ಟ್ರಿಗ್ಗರ್ ಹಾಕಿದ್ರೆ ಒಂದು ಏಟಿಗೆ ಎರಡು ಸ್ಯಾಂಪಲ್ ಹೊಡೀತೈತೆ. ಹೊಡೆದು ಬಿಡೋದೇ ಸರಿ. ಸ್ಪ್ರಿಂಗ್ ಬಿಗಿ ಮಾಡ್ರಿ, ಬೀಟರ್ ಹೆಡ್ಡಿಂದ 45 ಡಿಗ್ರಿ ಹಿಂದೆ ನಿಲ್ಲೋ ಹಂಗೆ ಇಡ್ರಿ, ಸ್ಟೂಲಿನ ಎತ್ತರ ಮಂಡಿಗಿಂತ ಸೊಂಟ ಒಂದೆರಡು ಇಂಚು ಮೇಲೆ ಇರೋವಷ್ಟು.

ಗಂಗಾವತಿ ಗೇಟ್
ಇಬ್ಬರದೂ ಅರ್ಧರ್ಧ ಸರಿ. ಮುಂದಿನ ಹೆಡ್‌ಗೆ ತೂತು ಇದ್ದು, ಒಳಗ ದಿಂಬು ಇದ್ರ ಒತ್ತಿ ಹಿಡಿದ್ರೂ ಪುಟಿಯೋದು ಕಡಿಮಿ, ಯಾಕಂದ್ರ ಒಳಗಿನ ಗಾಳಿ ಹೊರಗ ಹೋಗ್ತೈತಿ. ತೂತಿಲ್ಲದ ಡ್ರಮ್ಮಿನಾಗ ಗಾಳಿ ಬೀಟರನ್ನ ವಾಪಸ್ ನೂಕ್ತೈತಿ. ನಿಧಾನ ಭಾಗಕ್ಕ ಒತ್ತಿ ಹಿಡೀಬಹುದು. ಡಬಲ್ ಕಿಕ್ ಓಟದಾಗ ಬಿಡಲೇಬೇಕು, ಇಲ್ಲಂದ್ರ ಎಡಗಾಲು ಬರೋದರೊಳಗ ಬಲದ ಬೀಟರ್ ಹೆಡ್ಡನ್ನ ತಡಕೊಂಡು ನಿಂತಿರ್ತೈತಿ.

ಮೈಕ್ ಮಾತು. ಒಂದೇ ಮೈಕ್ ಇದ್ರ ಎಕೆಜಿ ಡಿ112 ಇಲ್ಲಾ ಶೂರ್ ಬೀಟಾ 52ಎ, ತೂತಿನೊಳಗ ಹಾಕಿ ಬೀಟರ್ ಕಡೆ ಮುಖ ಮಾಡ್ರಿ, ಹೆಡ್ಡಿಂದ 4ರಿಂದ 6 ಇಂಚು. ಹತ್ತಿರ ಬಂದಷ್ಟು ‘ಟಕ್’, ದೂರ ಹೋದಷ್ಟು ‘ಧಮ್’. ಈಕ್ಯೂನಾಗ ಮೊದಲು 300ರಿಂದ 400 ಹರ್ಟ್ಝ್ ನಡುವ 6 ಡಿಬಿ ಇಳಿಸ್ರಿ. ಮೇಲೂ ಕೆಳಗೂ ಸದ್ದು, ನಡುವ ಖಾಲಿ ಅಂದ್ರಲ್ಲ, ಆ ಖಾಲಿ ಇಲ್ಲೇ ಐತಿ. ಆಮೇಲೆ 60ರಿಂದ 80ರಾಗ 3 ಡಿಬಿ, 4ರಿಂದ 6 ಕಿಲೋಹರ್ಟ್ಝ್‌ನಾಗ 4ರಿಂದ 6 ಡಿಬಿ ಏರಿಸ್ರಿ. ಗೇಟ್ (ಏಟು ಬಿದ್ದಾಗ ಮಾತ್ರ ಮೈಕ್ ಸದ್ದು ಬಿಡೋ ಸಾಧನ): ಅಟ್ಯಾಕ್ (ತೆರಿಯೋ ಹೊತ್ತು) 1 ಮಿಲಿಸೆಕೆಂಡಿಗಿಂತ ಕಡಿಮಿ, ಹೋಲ್ಡ್ (ತೆರೆದಿರೋ ಹೊತ್ತು) 50, ರಿಲೀಸ್ (ಮುಚ್ಚೋ ಹೊತ್ತು) 80ರಿಂದ 100. ಅಟ್ಯಾಕ್ 5ಕ್ಕ ಇಟ್ರ ‘ಟಕ್’ ಪೂರ್ತಿ ಗೇಟೇ ತಿಂದುಬಿಡ್ತೈತಿ.

ತೋರಣಗಲ್ಲು ಡಬಲ್‌ಪೆಡಲ್
ಒಪ್ಕೊಂಡೆ, ಹೆಡ್, ಪ್ಯಾಚ್, ಮರದ ಬೀಟರ್ ಮೊದಲು. ಆದ್ರೆ ಸ್ಟೇಜ್ ಮೇಲೆ ಡಬಲ್ ಕಿಕ್ ಓಟದಲ್ಲಿ ಎಲ್ಲ ಏಟೂ ಒಂದೇ ಜೋರಲ್ಲಿ ಕೇಳೋಕೆ ಟ್ರಿಗ್ಗರ್ ಬೇಕೇ ಬೇಕು ಅನ್ನೋ ಮಾತಿಗೆ ಈಗಲೂ ನಿಂತಿದೀನಿ.

ಗಂಗಾವತಿ ಗೇಟ್
ಅಲ್ಲಿ ನಿಮ್ಮ ಮಾತು ಸರಿ. ಹಾಕೋವಾಗ ಎರಡು ಕಡೆ ಜ್ವಾಕಿ. ಒಂದು, ಮಾಸ್ಕ್ ಟೈಮ್, ಅಂದ್ರ ಒಂದು ಏಟಾದ ಮ್ಯಾಲೆ ಟ್ರಿಗ್ಗರ್ ಇನ್ನೊಂದನ್ನ ಲೆಕ್ಕಕ್ಕ ತಗೊಳ್ಳದ ಹೊತ್ತು. 118ಕ್ಕ ಏಟಿಗೆ ಆರು ಕಿಕ್ ಬಾರಿಸಿದ್ರ ಒಂದೊಂದರ ನಡುವ 85 ಮಿಲಿಸೆಕೆಂಡ್, 200ಕ್ಕ ಏಟಿಗೆ ನಾಲ್ಕಾದ್ರ 75. ಮಾಸ್ಕ್ 40ರಿಂದ 50 ಇಟ್ರ ಪುಟಿದ ಏಟು ಬೀಳಂಗಿಲ್ಲ, ಖರೇ ಏಟು ತಪ್ಪಂಗಿಲ್ಲ. 80 ಇಟ್ರ ವೇಗದ ಹಾಡಿನಾಗ ಒಂದು ಬಿಟ್ಟು ಒಂದು ಕಿಕ್ ಮಾಯ.

ಎರಡನೇದು ಫೇಸ್, ಅಂದ್ರ ಎರಡು ಸದ್ದಿನ ಅಲೆ ಒಂದಕ್ಕೊಂದು ಹೊಂದೋ ರೀತಿ. ಮಾಡ್ಯೂಲ್ ಸ್ಯಾಂಪಲ್ ಮೈಕ್‌ಗಿಂತ 5 ಮಿಲಿಸೆಕೆಂಡ್ ತಡ ಬಂದ್ರ 100 ಹರ್ಟ್ಝ್ ಸುತ್ತ ಎರಡೂ ಒಂದನ್ನೊಂದು ಕಡಿತಾವ. ಸೇರಿಸಿದ ಮ್ಯಾಲೆ ಕಿಕ್ ತೆಳುವಾತು ಅನಿಸಿದ್ರ ಕಾರಣ ಇದೇ. ರೆಕಾರ್ಡಿಂಗ್‌ನಾಗ ಸ್ಯಾಂಪಲ್ಲನ್ನ ಮುಂದಕ್ಕ ಎಳೆದು ಮೊದಲ ಮೊನೆ ಕೂಡಿಸ್ರಿ. ಸ್ಟೇಜ್ ಮ್ಯಾಲ ಅದು ಆಗಂಗಿಲ್ಲ, ಅದಕ್ಕ ಸ್ಯಾಂಪಲ್‌ನಾಗ 200ರ ಕೆಳಗಿಂದು ಕತ್ತರಿಸಿ ಬರೀ ‘ಟಕ್’ ಇಟ್ಕೊಳ್ರಿ, ‘ಧಮ್’ ಮೈಕ್‌ನಿಂದ ಬರ್ಲಿ.

ಸಿಂಧನೂರು ತಿಶ್ರ
ಟ್ರಿಗ್ಗರ್ ಜೋರನ್ನು ಸಮ ಮಾಡುತ್ತದೆ, ಜಾಗವನ್ನಲ್ಲ. ಎಡಗಾಲು ತಡವಾದರೆ ಅದು ಇನ್ನೂ ನಿಚ್ಚಳವಾಗಿ ಕೇಳುತ್ತದೆ. ಎಡಗಾಲಲ್ಲೇ ಶುರು ಮಾಡಿ ತಕಿಟ ಬಾರಿಸಿ. ತಿಶ್ರದಲ್ಲಿ ಕಾಲು ಬದಲಾಯಿಸುತ್ತಾ ಹೋದರೆ ಒತ್ತು ತಾನಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತದೆ.

ಕೌಲ್‌ಬಜಾರ್ ಕಿಕ್
ಎಡ ಪೆಡಲ್‌ನ ಸ್ಪ್ರಿಂಗ್ ಬಲದ್ದಕ್ಕಿಂತ ಅರ್ಧ ತಿರುವು ಬಿಗಿ ಇಡ್ರಿ, ಉದ್ದ ರಾಡಿನ ಭಾರಕ್ಕೆ ಅದು ಬೇಕು. ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ಗ್ರೀಸಿಗೆ ಹತ್ತಿ ಬೇರಿಂಗ್ ಬಿಗಿಯಾಗ್ತೈತೆ, ಅದಕ್ಕೆ ಗ್ರೀಸ್ ಬೇಡ, ಒಣಗೋ ಸ್ಪ್ರೇ ಹಾಕ್ರಿ. ಕಡಪ ಕಲ್ಲಿನ ಮೇಲೆ ಕಿಕ್ ಮುಂದಕ್ಕೆ ಜಾರ್ತೈತೆ, ಆಗ ಪೆಡಲ್ ಕೋನಾನೂ ಬದಲಾಗ್ತೈತೆ. ದಪ್ಪ ಜಮಖಾನ ಹಾಸಿ, ಸ್ಟೂಲೂ ಅದರ ಮೇಲೇ ಇಡ್ರಿ, ನಿಮ್ಮ ತೂಕಕ್ಕೆ ಜಮಖಾನ ಜಾರಲ್ಲ. ಕಿಕ್‌ನ ಎರಡು ಕಾಲಿನ ಮೊನೆ ಹೊರಗೆ ತೆಗೆದು ಅದರೊಳಗೆ ಚುಚ್ಚಿ ನಿಲ್ಲಿಸ್ರಿ.