ನಮ್ಮ ಮನೆಯ ಫೋಟೊ ಬೇರೆಯವರ ಜಾಹೀರಾತಿನಲ್ಲಿ: ಕೇಳುವ ಹಕ್ಕು ನಮಗಿದೆಯೇ?

ಪ್ರಶ್ನೆ – ಮಲ್ಲೇಶ್ವರದ ನಿವಾಸಿ

ನಮ್ಮದು ತಾತನ ಕಾಲದ, ಕಿಟಕಿಗಳ ಮೇಲೆ ಚೂಪು ತುದಿಯ ಮರದ ಸೂರಿರುವ ಮಂಕಿ ಟಾಪ್ ಮನೆ. ಕಳೆದ ವರ್ಷ ಗೌರಿ ಹಬ್ಬಕ್ಕೆ ಮೊದಲು ನಮ್ಮ ಹಳೆಯ ಮೇಸ್ತ್ರಿಯವರೇ ಹದಿನೈದು ದಿನ ನಿಂತು ಅದಕ್ಕೆ ಬಣ್ಣ ಹೊಡೆಸಿದರು. ಹೋದ ವಾರ ತಂಗಿ ಫೋನಿನಲ್ಲಿ ಒಂದು ಜಾಹೀರಾತನ್ನು ತೋರಿಸಿದಳು. ನಾವು ಹೆಸರನ್ನೇ ಕೇಳಿರದ ಪೇಂಟಿಂಗ್ ಕಂಪನಿಯೊಂದು ನಮ್ಮ ಮನೆಯ ಚಿತ್ರ ಹಾಕಿ, ಅದು ತನ್ನದೇ ಕೆಲಸವೆಂದು ಬರೆದುಕೊಂಡಿದೆ. ಗೇಟಿನ ಮೇಲಿರುವ ತಂದೆಯವರ ಹೆಸರು ಮತ್ತು ಮನೆಯ ನಂಬರನ್ನು ಯಾರು ಬೇಕಾದರೂ ಓದಬಹುದು. ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿರುವ ಅಮ್ಮನ ಮುಖವೂ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ನೋಡಿದಂದಿನಿಂದ ಅಮ್ಮ ಹೂವಿನ ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋಗಿ, ಅಡುಗೆಮನೆಯ ಮಂದ ಬೆಳಕಿನಲ್ಲಿ ಕಟ್ಟುತ್ತಿದ್ದಾರೆ. ಕಂಪನಿಗೆ ಫೋನ್ ಮಾಡಿದರೆ, ರಸ್ತೆಯಲ್ಲಿ ನಿಂತು ತೆಗೆದ ಫೋಟೊಗೆ ಯಾರ ಅನುಮತಿಯೂ ಬೇಕಿಲ್ಲ ಎಂದರು. ಇದು ನಿಜವೇ?

ಉತ್ತರ – ವಕೀಲೆ, ಬಸವನಗುಡಿ

ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಟ್ಟಡವೊಂದರ ಫೋಟೊ ತೆಗೆದು ಪ್ರಕಟಿಸುವುದು ಅದರ ವಿನ್ಯಾಸದ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಆದ್ದರಿಂದ ಬರೀ ಗೋಡೆ, ಕಿಟಕಿಗಳ ಚಿತ್ರವನ್ನಷ್ಟೇ ಹಿಡಿದು ವಾದಿಸಿದರೆ ನಿಮ್ಮ ಕೈ ಬಲವಾಗಿರುವುದಿಲ್ಲ. ಆದರೆ ನಿಮ್ಮ ದೂರು ಗೋಡೆಯದ್ದಲ್ಲ, ನಿಮ್ಮ ತಾಯಿಯವರದ್ದು. ಒಬ್ಬರ ಹೆಸರನ್ನಾಗಲಿ ರೂಪವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆಗೆ ಉದಾಹರಣೆ ಎಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲಿಯೇ ಹೇಳಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರಾದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು ಎಂಬುದನ್ನು ನಾನು ಹೆಮ್ಮೆಯಿಂದ ನೆನೆಯುತ್ತೇನೆ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಖಾಸಗಿ ಕಂಪನಿಯಾದರೆ ನೀವು ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಮತ್ತು ನಷ್ಟಪರಿಹಾರವನ್ನು ಕೇಳಬೇಕಾಗುತ್ತದೆ.

ಇನ್ನೊಂದು ಬಲವಾದ ಅಂಶವಿದೆ. ತಾನು ಮಾಡದ ಕೆಲಸವನ್ನು ತನ್ನದೆಂದು ತೋರಿಸಿ ಗಿರಾಕಿಗಳನ್ನು ಸೆಳೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವ ದಾರಿತಪ್ಪಿಸುವ ಜಾಹೀರಾತು. ಅದನ್ನು ನಿಲ್ಲಿಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಉತ್ತರ – ಮನೆಗಳ ಫೋಟೊ ತೆಗೆಯುವವನು, ಜಯನಗರ

ಒಳಾಂಗಣ ವಿನ್ಯಾಸಕಾರರಿಗಾಗಿ ಫೋಟೊ ತೆಗೆಯುವುದೇ ನನ್ನ ಕಸುಬು. ಮನೆಯವರ ಸಹಿಯಿರುವ ಒಪ್ಪಿಗೆ ಪತ್ರವಿಲ್ಲದೆ ನಾನು ಕ್ಯಾಮೆರಾವನ್ನು ಹೊರಗೆ ತೆಗೆಯುವುದಿಲ್ಲ. ಒಮ್ಮೆ ವಿನ್ಯಾಸಕಾರರು ಎಲ್ಲ ಮಾತಾಗಿದೆ ಎಂದದ್ದನ್ನು ನಂಬಿ ಹೋದೆ. ದೇವರ ಮನೆಯ ಫೋಟೊ ತೆಗೆಯುವಾಗ ಆ ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಇದನ್ನು ಯಾರಿಗೆ ತೋರಿಸುತ್ತೀಯಪ್ಪ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ದಿನ ತೆಗೆದದ್ದನ್ನೆಲ್ಲ ಅಲ್ಲೇ ಅಳಿಸಿದೆ. ಮನೆ ನಿಮ್ಮದಾದರೂ ಫೋಟೊದ ಕೃತಿಸ್ವಾಮ್ಯ ಸಾಮಾನ್ಯವಾಗಿ ತೆಗೆದವರದ್ದು ಅಥವಾ ಹಣ ಕೊಟ್ಟು ತೆಗೆಸಿದವರದ್ದು ಆಗಿರುತ್ತದೆ. ಹೀಗಾಗಿ ಮನೆಯೊಳಗೆ ಯಾರಿಗಾದರೂ ಕೆಲಸ ಕೊಡುವಾಗ, ಫೋಟೊವನ್ನು ಎಲ್ಲಿ, ಎಷ್ಟು ಕಾಲ ಬಳಸಬಹುದು ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.

ಉತ್ತರ – ರಾಜಾಜಿನಗರದಿಂದ

ಅವರು ಅಳಿಸುವ ಮೊದಲೇ ಜಾಹೀರಾತಿನ ಸ್ಕ್ರೀನ್‌ಶಾಟ್, ಲಿಂಕ್ ಮತ್ತು ದಿನಾಂಕವನ್ನು ಉಳಿಸಿಕೊಳ್ಳಿ. ನ್ಯಾಯಾಲಯಕ್ಕೆ ಹೋಗಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಆ ಡಿಜಿಟಲ್ ದಾಖಲೆ ಅಸಲಿ ಎಂದು ದೃಢಪಡಿಸುವ ಪ್ರಮಾಣಪತ್ರವೂ ಬೇಕಾಗುತ್ತದೆ. ಮುಂಬೈಯಲ್ಲಿರುವ ಜಾಹೀರಾತು ಗುಣಮಟ್ಟ ಮಂಡಳಿಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು.

ಮಲ್ಲೇಶ್ವರದ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ವಕೀಲೆ ಮೇಡಂ ಹೇಳಿದ್ದನ್ನು ಆಧರಿಸಿ ಕಂಪನಿಗೆ ನೋಟಿಸ್ ಕಳುಹಿಸಲು ನಿರ್ಧರಿಸಿದ್ದೇವೆ. ನಮ್ಮ ಮೇಸ್ತ್ರಿಯವರು ಇವತ್ತು ಬೆಳಿಗ್ಗೆ ಬಂದು, ಬಣ್ಣದಂಗಡಿಯ ಬಿಲ್ಲನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟ ಕೂಲಿಯ ಲೆಕ್ಕದ ಚೀಟಿಯನ್ನೂ ಕೊಟ್ಟು ಹೋಗಿದ್ದಾರೆ. ಅವೆರಡರ ಪ್ರತಿಗಳನ್ನು ನೋಟಿಸಿನ ಜೊತೆಗೆ ಇಡುತ್ತೇವೆ.