ಲಾಂಗ್‌ಹಾರ್ನ್ಸ್ ಸೀಸನ್ ಟಿಕೆಟ್ ತಗೊಳ್ಳೋದಾ ಬೇಡ್ವಾ? ಸಾರ್ಕಿಸಿಯನ್ ಆಟಕ್ಕೆ ದುಡ್ಡು ಹಾಕಿದವರು ಅನುಭವ ಹೇಳಿ

ರೌಂಡ್‌ರಾಕ್ ರಾಘು

ಎಲ್ಲರಿಗೂ ನಮಸ್ಕಾರ. ಟೆಕ್ಸಸ್ ಯೂನಿವರ್ಸಿಟಿಯ ಲಾಂಗ್‌ಹಾರ್ನ್ಸ್ ಟೀಮಿನ ಅಮೆರಿಕನ್ ಫುಟ್‌ಬಾಲ್‌ಗೆ 2025ರ ಸೀಸನ್ ಟಿಕೆಟ್ ಬೇಕೇ ಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಮೇಲಿನ ಡೆಕ್‌ನಲ್ಲಿ ಎರಡು ಸೀಟು. ಟೀಮಿನ ಫೌಂಡೇಶನ್‌ಗೆ ಕೊಡುವ ದೇಣಿಗೆ ಸೇರಿ 3 ಸಾವಿರ ಡಾಲರ್ ಹತ್ತಿರ ಬರುತ್ತಿದೆ. ಇಲ್ಲಿಯವರೆಗೆ ಟಿವಿಯಲ್ಲೇ ನೋಡುತ್ತಿದ್ದೆವು. ನನ್ನ ಹೆಂಡತಿ ಕೇಳುವುದು ಒಂದೇ: "ಗೋಲ್ ಗೆರೆಗೆ ಒಂದು ಯಾರ್ಡ್ ಇರುವಾಗ ಚೆಂಡನ್ನು ಹಿಂದಕ್ಕೆ ಎಸೆಸಿದ ಕೋಚ್‌ಗೆ ನಾವ್ಯಾಕೆ ದುಡ್ಡು ಕೊಡಬೇಕು?" ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಹೋದ, ಅವನ ಜಾಗಕ್ಕೆ ಆರ್ಚ್ ಮ್ಯಾನಿಂಗ್ ಬಂದ, ಸರಿ. ಪ್ಲೇ ಕರೆಯುವವರು, ಅಂದರೆ ಪ್ರತಿ ಸಲ ಏನು ಆಡಬೇಕು ಅಂತ ಹೇಳುವವರು, ಅದೇ ಕೋಚ್ ಸ್ಟೀವ್ ಸಾರ್ಕಿಸಿಯನ್ ಅಲ್ವಾ? ಸೀಸನ್ ಪೂರ್ತಿ ತಗೊಳ್ಳೋದಾ, ಬೇಕಾದ ಆಟಕ್ಕೆ ಬಿಡಿ ಟಿಕೆಟ್ ಸಾಕಾ?

ಬರ್ನ್ಟ್ ಆರೆಂಜ್ ಭಟ್ಟ

ರಾಘು ಅವರೇ, ನಿಮ್ಮ ಮನೆಯವರ ಮಾತು ಕೇಳಿ. ಜನವರಿ 10ರಂದು ನಾನು ಆರ್ಲಿಂಗ್ಟನ್‌ನಲ್ಲಿದ್ದೆ. ಕಾಟನ್ ಬೌಲ್, ರಾಷ್ಟ್ರೀಯ ಪ್ಲೇಆಫ್‌ನ ಸೆಮಿಫೈನಲ್, ಒಹಾಯೊ ಸ್ಟೇಟ್ ಮೇಲೆ. ಖರ್ಚು ಹೇಳ್ತೀನಿ ಕೇಳಿ. ಎರಡು ಟಿಕೆಟ್‌ಗೆ 940 ಡಾಲರ್. ಅದನ್ನು ಮಾರಿದ ಸೈಟಿನ ಶುಲ್ಕ ಬೇರೆ 212. ಪಾರ್ಕಿಂಗ್ 100, ಅದೂ ಅರ್ಧ ಗಂಟೆ ನಡೆಯುವಷ್ಟು ದೂರ. ಹೋಟೆಲ್ 265. ಹಿಂದಿನ ದಿನ ಡಲ್ಲಾಸ್‌ನಲ್ಲಿ ಹಿಮ ಬಿದ್ದಿತ್ತು, ಆಸ್ಟಿನ್‌ನಿಂದ ತೆವಳಿಕೊಂಡು ಹೋದೆವು. ದಾರಿಯಲ್ಲಿ ವೈಪರ್ ಮುರಿಯಿತು, ಅದಕ್ಕೆ 48. ಒಳಗೆ ಎರಡು ನೀರಿನ ಬಾಟಲಿ, ಒಂದು ತಟ್ಟೆ ನಾಚೋ, 31.

ಇಷ್ಟೆಲ್ಲ ಸುರಿದು ನೋಡಿದ್ದೇನು? 21-14ರಲ್ಲಿ ಹಿಂದಿದ್ದೇವೆ. ಎದುರಾಳಿಯ ತಪ್ಪಿನಿಂದ ಚೆಂಡು ಒಂದು ಯಾರ್ಡ್ ಗೆರೆಗೆ ಬಂದು ಕೂತಿದೆ. ಡೌನ್ ಅಂದರೆ ಒಂದು ಪ್ರಯತ್ನ, ಸಿಗೋದು ನಾಲ್ಕು. ಮೊದಲ ಡೌನ್, ನಮ್ಮ ಗಿಬ್ಸನ್ ಮಧ್ಯಕ್ಕೆ ನುಗ್ಗಿದ, ಏನೂ ಸಿಗಲಿಲ್ಲ. ಪರವಾಗಿಲ್ಲ, ಇನ್ನೂ ಮೂರು ಡೌನ್ ಇವೆ. ಎರಡನೇ ಡೌನ್‌ಗೆ ವಿಸ್ನರ್‌ಗೆ ಪಕ್ಕಕ್ಕೆ ಟಾಸ್, ಅಂದರೆ ಚೆಂಡನ್ನು ಹಿಂದಕ್ಕೆ ಎಸೆದು ಕೊಡೋದು! 7 ಯಾರ್ಡ್ ನಷ್ಟ! ಮೂರನೆಯದು ಪಾಸ್, ಕೈಗೆ ಹತ್ತಲಿಲ್ಲ. ನಾಲ್ಕನೆಯದರಲ್ಲಿ ಅವರ ಜ್ಯಾಕ್ ಸಾಯರ್ ಬಂದು ಯೂವರ್ಸ್ ಕೈಯಿಂದ ಚೆಂಡು ಉದುರಿಸಿ, ತಾನೇ ಎತ್ತಿಕೊಂಡು 83 ಯಾರ್ಡ್ ಓಡಿದ. 28-14. ಒಳ ಲೈನಿನ ಶ್ರೇಷ್ಠ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಪ್ರಶಸ್ತಿ ಗೆದ್ದ ಕೆಲ್ವಿನ್ ಬ್ಯಾಂಕ್ಸ್ ನಮ್ಮ ಲೈನಿನಲ್ಲಿದ್ದ. 6 ಅಡಿ 4 ಇಂಚಿನ ಮ್ಯಾನಿಂಗ್ ಬೆಂಚಿನ ಹತ್ತಿರ ನಿಂತಿದ್ದ. ಕ್ವಾರ್ಟರ್‌ಬ್ಯಾಕೇ ಚೆಂಡು ಹಿಡಿದು ಮುಂದಕ್ಕೆ ನುಗ್ಗುವ ಒಂದು ಸ್ನೀಕ್ ಕರೆಯಲು ಏನು ರೋಗ? ನಾನು ಈ ವರ್ಷ ಟಿಕೆಟ್ ಬಿಟ್ಟೆ. ಒಂದು ಡಾಲರೂ ಕೊಡಲ್ಲ.

ಸುಮಾ, ಸೀಡರ್ ಪಾರ್ಕ್

ಭಟ್ರೇ, ನಿಮ್ಮ ವೈಪರ್ ಕಥೆ ನಾವೆಲ್ಲ ಫೆಬ್ರವರಿಯಿಂದ ಕೇಳುತ್ತಿದ್ದೇವೆ. ಆ ಟಾಸ್‌ನಲ್ಲಿ ಬ್ಲಾಕ್ ತಪ್ಪಿತು, ಅಷ್ಟೇ. ಮಧ್ಯದಲ್ಲಿ ಜಾಗ ಇಲ್ಲ ಅಂತ ಹಿಂದಿನ ಡೌನ್‌ನಲ್ಲೇ ಗೊತ್ತಾಗಿತ್ತು. ಹೊರಗಡೆ ಪ್ರಯತ್ನಿಸಿದರು. ಗೆರೆ ದಾಟಿ ಟಚ್‌ಡೌನ್ ಆಗಿದ್ದರೆ ನೀವೇ ಜೀನಿಯಸ್ ಅನ್ನುತ್ತಿದ್ದಿರಿ.

ನನ್ನ ಅನುಭವ ಹೇಳ್ತೀನಿ. ಜನವರಿ 1ಕ್ಕೆ ನಾನು, ನನ್ನ ತಂಗಿ ಪ್ಲೇಆಫ್ ಕ್ವಾರ್ಟರ್‌ಫೈನಲ್ ಪೀಚ್ ಬೌಲ್ ನೋಡಲು ಅಟ್ಲಾಂಟಾಕ್ಕೆ ಹೋದೆವು. ವಿಮಾನ ಒಬ್ಬರಿಗೆ 438. ಬ್ಯಾಗ್ ಪಾರದರ್ಶಕ ಇಲ್ಲ ಅಂತ ಗೇಟಿನಲ್ಲಿ ವಾಪಸ್ ಕಳಿಸಿದರು, ಅದನ್ನು ಇಡಲು ಹೊರಗಿನ ಲಾಕರ್‌ಗೆ 20. ಅರಿಜೋನಾ ಸ್ಟೇಟ್ ಮೇಲೆ 24-8ರಲ್ಲಿ ಮುಂದಿದ್ದವರು 24-24 ಮಾಡಿಕೊಂಡರು. ಕೊನೆಯಲ್ಲಿ ನಮ್ಮ ಕಿಕ್ಕರ್ ಬರ್ಟ್ ಆಬರ್ನ್ ಎರಡು ಫೀಲ್ಡ್ ಗೋಲ್ ತಪ್ಪಿಸಿದ, ಎರಡನೆಯದು ಕಂಬಕ್ಕೆ ಹೊಡೆಯಿತು. ಓವರ್‌ಟೈಮ್‌ನಲ್ಲಿ ಅವರು ಮುಂದೆ. ನಾಲ್ಕನೇ ಡೌನ್, 13 ಯಾರ್ಡ್ ಬೇಕು. ನಮ್ಮ ಮುಂದಿನ ಸಾಲು ಎದ್ದು ಹೊರಟಿತ್ತು. ಆಗ ಯೂವರ್ಸ್, ಹೌದು ಅದೇ ಯೂವರ್ಸ್, ಮ್ಯಾಥ್ಯೂ ಗೋಲ್ಡನ್‌ಗೆ 28 ಯಾರ್ಡ್ ಟಚ್‌ಡೌನ್ ಎಸೆದ. ಎರಡನೇ ಓವರ್‌ಟೈಮ್‌ನಲ್ಲಿ 39-31. ಆ ಪ್ಲೇ ಕರೆದವರು ಯಾರು? ನಿಮ್ಮ ಮಾವನಾ? ಸಾರ್ಕಿಸಿಯನ್ನೇ ಅಲ್ವಾ? ಗೆದ್ದ ಪ್ಲೇ ಹುಡುಗನದು, ಸೋತ ಪ್ಲೇ ಕೋಚ್‌ನದು. ಚೆನ್ನಾಗಿದೆ ನಿಮ್ಮ ನ್ಯಾಯ.

ಆಲ್ಫರೆಟ್ಟಾ ಶ್ರೀಧರ

ಜಾರ್ಜಿಯಾ ಟೀಮಿನ ಕಡೆಯಿಂದ ನಾಲ್ಕು ಮಾತು. ಕಳೆದ ಅಕ್ಟೋಬರ್ 19ಕ್ಕೆ ನಿಮ್ಮ ಆಸ್ಟಿನ್‌ಗೆ ಬಂದಿದ್ದೆ. ಟಿಕೆಟ್ ಒಂದಕ್ಕೆ 610 ಕೊಟ್ಟೆ, ಇವತ್ತಿಗೂ ಬೇಜಾರಿಲ್ಲ. ಅರ್ಧ ಆಟಕ್ಕೆ ನಾವು 23-0 ಮುಂದೆ. ಸಾರ್ಕಿಸಿಯನ್ ಯೂವರ್ಸ್‌ನನ್ನು ಎರಡನೇ ಕ್ವಾರ್ಟರ್‌ನಲ್ಲಿ ಎತ್ತಿ ಮ್ಯಾನಿಂಗ್‌ನನ್ನು ಹಾಕಿದರು. ಅವನೂ ಚೆಂಡು ಬೀಳಿಸಿ ಫಂಬಲ್ ಮಾಡಿದ. ವಿರಾಮದ ನಂತರ ಮತ್ತೆ ಯೂವರ್ಸ್. ನಮ್ಮ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್ ಅದೇ ರಾತ್ರಿ 3 ಇಂಟರ್‌ಸೆಪ್ಷನ್ ಎಸೆದ, ಚೆಂಡು ನಿಮ್ಮವರ ಕೈಗೆ. ನಮ್ಮ ಕೋಚ್ ಕರ್ಬಿ ಸ್ಮಾರ್ಟ್ ಅವನನ್ನು ಮುಟ್ಟಲಿಲ್ಲ. ಗೆದ್ದವರು ಯಾರು? 30-15.

ಇನ್ನೊಂದು. ಬಾಟಲಿ. ನಿಮ್ಮ ವಿದ್ಯಾರ್ಥಿಗಳು ಮೈದಾನಕ್ಕೆ ಬಾಟಲಿ ಎಸೆದರು, ಆಟ ನಿಂತಿತು, ಆ ಗ್ಯಾಪಿನಲ್ಲಿ ರೆಫರಿಗಳು ಮಾತಾಡಿಕೊಂಡು ನಿಮ್ಮ ಮೇಲಿನ ಪೆನಾಲ್ಟಿ ವಾಪಸ್ ತಗೊಂಡರು. ಕಸ ಎಸೆದರೆ ತೀರ್ಪು ಬದಲಾಗುವ ಊರು ಅದೊಂದೇ. ನನ್ನ ಹೊಸ ಜಾಕೆಟ್ ಮೇಲೆ ಯಾರದೋ ಬಿಯರ್. ಡ್ರೈಕ್ಲೀನಿಂಗ್ 22.

ಬರ್ನ್ಟ್ ಆರೆಂಜ್ ಭಟ್ಟ

ಶ್ರೀಧರ್, ಆ ಪೆನಾಲ್ಟಿಯೇ ತಪ್ಪು. ರೀಪ್ಲೇ ನೋಡಿ. ಕೊನೆಗೆ ಸರಿ ಮಾಡಿದರು. ಯೂನಿವರ್ಸಿಟಿ ಎರಡೂವರೆ ಲಕ್ಷ ಡಾಲರ್ ದಂಡ ಕಟ್ಟಿದೆ, ನಿಮ್ಮ ಜಾಕೆಟ್‌ಗೂ ಅದರಲ್ಲೇ ಕೇಳಿ.

ಆಲ್ಫರೆಟ್ಟಾ ಶ್ರೀಧರ

ತೀರ್ಪು ಸರಿಯೋ ತಪ್ಪೋ ಅಲ್ಲ ಸ್ವಾಮಿ, ಬಾಟಲಿ ಬೀಳುವವರೆಗೆ ಯಾಕೆ ಸರಿ ಹೋಗಲಿಲ್ಲ ಅಂತ. ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಬಾಟಲಿ ಬೀಳಲಿಲ್ಲ, ಅಲ್ಲೂ ನಮ್ಮ ಮೇಲೆ ಸೋತಿರಿ. 22-19.

ಫ್ರಿಸ್ಕೊ ಅಪ್ಪ

ನೀವೆಲ್ಲ ಟಿಕೆಟ್ ದುಡ್ಡಿಗೆ ಅಳುತ್ತಿದ್ದೀರಿ. ನಾನು ಮಗನಿಗೆ ಹಾಕಿದ್ದನ್ನು ಕೇಳಿ. ಅವನು ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್. ಎಸೆತ ಕಲಿಸಲು ಖಾಸಗಿ ಕೋಚ್, ಗಂಟೆಗೆ 120. ಬೇಸಿಗೆಯ ಸೆವೆನ್-ಆನ್-ಸೆವೆನ್ ತಂಡಕ್ಕೆ 1,800, ಪ್ರಯಾಣ ಬೇರೆ. ಮೂರು ಬೂಟು. ಭುಜ ಹಿಡಿದುಕೊಂಡು ಫಿಸಿಯೋ, ಇನ್ಶೂರೆನ್ಸ್ ಕಳೆದು 640. ಆ ಶಾಲೆಯ ಕೋಚ್ ಒಂದು ಸರಣಿಗೆ ಇವನು, ಮುಂದಿನ ಸರಣಿಗೆ ಇನ್ನೊಬ್ಬ. ತಪ್ಪಾದರೆ ಎತ್ತು, ಆ ಕಡೆಯವನು ತಪ್ಪಿದರೆ ಮತ್ತೆ ಹಾಕು. ನನ್ನ ಮಗ ಪ್ರತಿ ಎಸೆತಕ್ಕೂ ಮುಂಚೆ ಬೆಂಚು ನೋಡುವುದಕ್ಕೆ ಶುರು ಮಾಡಿದ. ಎದುರಿಗೆ ಬರುವ ರಕ್ಷಕ ಸೇಫ್ಟಿಯನ್ನು ನೋಡುವುದು ಬಿಟ್ಟು! ಈಗ ಚೆಂಡು ಹಿಡಿಯುವ ರಿಸೀವರ್ ಆಗಿ ಆಡುತ್ತಾನೆ. ಖುಷಿಯಾಗಿದ್ದಾನೆ ಅಂತಾನೆ. ನಾನು ನಂಬಲ್ಲ.

ಅದಕ್ಕೇ ಹೇಳುವುದು. ಅಕ್ಟೋಬರ್ 19ಕ್ಕೆ ಯೂವರ್ಸ್‌ನನ್ನು ಎತ್ತಿದ್ದೇ ದ್ರೋಹ. ಎತ್ತಿದ ಮೇಲೆ ವಾಪಸ್ ಹಾಕಿದ್ದು ಎರಡನೇ ದ್ರೋಹ. ಸಾಯರ್ ಬರುವಾಗ ಆ ಹುಡುಗನ ತಲೆಯಲ್ಲಿ ಏನಿತ್ತು ಅಂತ ಅಪ್ಪಂದಿರಿಗೆ ಗೊತ್ತು.

ಸುಮಾ, ಸೀಡರ್ ಪಾರ್ಕ್

ಏನೂ ಇರಲಿಲ್ಲ ಸಾರ್, ಚೆಂಡೂ ಇರಲಿಲ್ಲ. ಸಾಯರ್ ಅಷ್ಟು ಬೇಗ ಬಂದಿದ್ದ. ನಿಮ್ಮ ಮಗನ ಬಗ್ಗೆ ಬೇಜಾರಾಯಿತು, ಆದರೆ ಯೂವರ್ಸ್ ಆ ಬೆಂಚಿನ ನಂತರವೂ ಟೀಮನ್ನು ಸೆಮಿಫೈನಲ್‌ಗೆ ತಂದ. ಮುರಿದುಹೋದ ಹುಡುಗನಾಗಿದ್ದರೆ ನಾಲ್ಕನೇ ಡೌನ್, 13 ಯಾರ್ಡ್ ಬೇಕಿದ್ದಾಗ ಹಾಗೆ ಎಸೆಯುತ್ತಿದ್ದನಾ?

ಫ್ರಿಸ್ಕೊ ಅಪ್ಪ

ಮೇಡಂ, ನಿಮಗೆ ಗಂಡು ಮಕ್ಕಳಿದ್ದಾರಾ?

ಸುಮಾ, ಸೀಡರ್ ಪಾರ್ಕ್

ಇದಕ್ಕೂ ಅದಕ್ಕೂ ಏನು ಸಂಬಂಧ? ಮಗಳಿದ್ದಾಳೆ. ಗೋಲ್‌ಕೀಪರ್. ಅವಳನ್ನೂ ಬೆಂಚಿಗೆ ಕೂರಿಸಿದ್ದಾರೆ, ನಾನು ಇಲ್ಲಿ ಬಂದು ದ್ರೋಹ ಅಂತ ಬರೆದಿಲ್ಲ.

ಡಬ್ಲಿನ್ ಗೌಡ (ಒಹಾಯೊ)

ನಿಮ್ಮ ಜಗಳ ಓದಿ ಹೊಟ್ಟೆ ತಂಪಾಯಿತು. ಆದರೆ ನನ್ನ ಕಥೆ ಕೇಳಿದರೆ ನೀವು ಸುಮ್ನಾಗ್ತೀರಿ. ನವೆಂಬರ್ 30, ಕೊಲಂಬಸ್, ನಮ್ಮ ಒಹಾಯೊ ಸ್ಟೇಟ್ ಆಟ ಮಿಶಿಗನ್ ಮೇಲೆ. ನಾವು ಭಾರಿ ಮೆಚ್ಚಿನ ತಂಡ. ಜೆರಮಿಯ ಸ್ಮಿತ್, ಎಮೆಕಾ ಎಗ್ಬುಕಾ ಅಂಥ ರಿಸೀವರ್‌ಗಳು ಇದ್ದಾರೆ. ನಮ್ಮ ಕೋಚ್ ರಯಾನ್ ಡೇ ಮಾಡಿದ್ದೇನು? ಮಿಶಿಗನ್‌ನ ದೈತ್ಯರು ನಿಂತಿರುವ ಮಧ್ಯಕ್ಕೇ ಮತ್ತೆ ಮತ್ತೆ ಓಟ. 13-10 ಸೋಲು. ಅವರ ಮೇಲೆ ಸತತ ನಾಲ್ಕನೆಯದು. ಮೈನಸ್ ಚಳಿ, ಟಿಕೆಟ್ ಎರಡಕ್ಕೆ 720, ಮಗಳಿಗೆ ಜ್ವರ.

ಮನೆಗೆ ಬಂದವನೇ ಪ್ಲೇಆಫ್ ಟಿಕೆಟ್ ಮಾರಿಬಿಟ್ಟೆ. ಟೆನೆಸ್ಸೀ ಆಟದ್ದು, ಕೊಂಡದ್ದಕ್ಕಿಂತ 90 ಕಡಿಮೆಗೆ. ಡೇ ಇರುವವರೆಗೆ ಬರಲ್ಲ ಅಂದೆ. ಆಮೇಲೆ ಟೆನೆಸ್ಸೀ ಮೇಲೆ 42-17, ಒರೆಗಾನ್ ಮೇಲೆ 41-21, ನಿಮ್ಮ ಮೇಲೆ 28-14, ನೋಟರ್‌ಡೇಮ್ ಮೇಲೆ 34-23. ಚಾಂಪಿಯನ್! ಎಲ್ಲ ಟಿವಿಯಲ್ಲೇ ನೋಡಿದೆ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆದರೂ ನಾನು ಮಾರಿದ್ದು ಸರಿ. ಆ ಮಿಶಿಗನ್ ಆಟ ನೋಡಿದ ಯಾರೇ ಆದರೂ ಮಾರುತ್ತಿದ್ದರು. ಸ್ಮಿತ್‌ಗೆ ಚೆಂಡು ಎಸೆಯಬೇಕು ಅನ್ನುವುದು ಡೇಗೆ ಡಿಸೆಂಬರ್‌ನಲ್ಲಿ ಹೊಳೆದರೆ ನನ್ನ ತಪ್ಪಾ?

ಅಂದಹಾಗೆ ಭಟ್ರೇ, ಸಾಯರ್ ಮತ್ತು ಯೂವರ್ಸ್ 2021ರಲ್ಲಿ ಇಲ್ಲಿ ರೂಮ್‌ಮೇಟ್‌ಗಳು. ನಿಮ್ಮ ಹುಡುಗ ನಮ್ಮಲ್ಲಿ ಎರಡೇ ಸ್ನ್ಯಾಪ್ (ಪ್ಲೇ) ಆಡಿ ಬಿಟ್ಟುಹೋದ. ಹಳೇ ರೂಮ್‌ಮೇಟ್ ಬಾಡಿಗೆ ವಸೂಲಿ ಮಾಡಿದ.

ಬರ್ನ್ಟ್ ಆರೆಂಜ್ ಭಟ್ಟ

ಗೌಡ್ರೇ, ಇಲ್ಲಿ ಟೆಕ್ಸಸ್ ವಿಷಯ ನಡೆಯುತ್ತಿದೆ.

ಡಬ್ಲಿನ್ ಗೌಡ (ಒಹಾಯೊ)

ಟೆಕ್ಸಸ್ ವಿಷಯಾನೇ. ಆಗಸ್ಟ್ 30ಕ್ಕೆ ಮೊದಲ ಆಟ ನಮ್ಮ ಊರಲ್ಲಿ. ಕಾಯ್ತಾ ಇದ್ದೀವಿ. ನಿಮ್ಮದು ಆರ್‌ಸಿಬಿ ತರ, ಪ್ರತಿ ವರ್ಷ ಈ ಸಲ ಕಪ್ ನಮ್ದೇ.

ಸುಮಾ, ಸೀಡರ್ ಪಾರ್ಕ್

ಆರ್‌ಸಿಬಿಯನ್ನು ಇಲ್ಲಿ ಎಳೆಯಬೇಡಿ. ಈ ಸಲ ಚೆನ್ನಾಗಿ ಆಡುತ್ತಿದ್ದಾರೆ, ದೃಷ್ಟಿ ಬೀಳುತ್ತದೆ.

ಮೈಸೂರು ಮಾಮ, ಪ್ಲೇನೋ

ನೀವೆಲ್ಲ ನಿನ್ನೆ ಮೊನ್ನೆ ಬಂದವರು. ಕ್ವಾರ್ಟರ್‌ಬ್ಯಾಕ್ ಗಲಾಟೆ ಅಂದರೆ 2001. ಮ್ಯಾಕ್ ಬ್ರೌನ್ ಟೆಕ್ಸಸ್ ಕೋಚ್ ಆಗಿದ್ದ ಕಾಲ. ಒಬ್ಬ ಕ್ರಿಸ್ ಸಿಮ್ಸ್, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಟಗಾರನ ಮಗ, ಎತ್ತರ, ಹೆಸರು, ಎಲ್ಲ ಇತ್ತು. ಇನ್ನೊಬ್ಬ ಮೇಜರ್ ಆಪಲ್‌ವೈಟ್, ಗಿಡ್ಡ, ಆದರೆ ಆಟ ಗೊತ್ತಿದ್ದವನು. ಬ್ರೌನ್ ಸಿಮ್ಸ್‌ಗೆ ಅಂಟಿಕೊಂಡರು. ನಮ್ಮ ಆಗಿನ ಲೀಗ್ ಬಿಗ್ 12ರ ಫೈನಲ್, ಅರ್ವಿಂಗ್‌ನಲ್ಲಿ, ಕೊಲರಾಡೋ ಮೇಲೆ. ಸಿಮ್ಸ್ ಚೆಂಡನ್ನು ಎದುರಾಳಿಗೆ ಹಂಚಿದ. ಆಪಲ್‌ವೈಟ್ ಇಳಿದು ಬಿ.ಜೆ. ಜಾನ್ಸನ್‌ಗೆ 79 ಯಾರ್ಡ್ ಟಚ್‌ಡೌನ್ ಹಾಕಿದ. ಎರಡು ಪಾಯಿಂಟ್‌ನಿಂದ ಸೋತೆವು, 39-37. ಹಾಲಿಡೇ ಬೌಲ್‌ನಲ್ಲಿ ಅದೇ ಆಪಲ್‌ವೈಟ್ 473 ಯಾರ್ಡ್ ಎಸೆದು ವಾಷಿಂಗ್ಟನ್ ಮೇಲೆ 47-43 ಗೆಲ್ಲಿಸಿದ. ಅವನ ಕಾಲೇಜು ಆಟ ಅಲ್ಲಿಗೆ ಮುಗಿಯಿತು. ನಾನು ಆಗ ಎಚ್-1 ವೀಸಾದಲ್ಲಿ, ಲೇ-ಆಫ್ ಭಯದಲ್ಲಿ, ಹಳೇ ಕೊರೊಲಾದಲ್ಲಿ ಅರ್ವಿಂಗ್‌ಗೆ ಹೋಗಿದ್ದೆ. ರೇಡಿಯೇಟರ್ ರಿಪೇರಿ 280. ಆ ಕಾಲದ 280!

ಸಾರ್ಕಿಸಿಯನ್ ಅದೇ ರೋಗದವರು. ದೊಡ್ಡ ಹೆಸರಿಗೆ, ಹಳೇ ಆಟಗಾರನಿಗೆ ನಿಷ್ಠೆ. ಕಳೆದ ಸೆಪ್ಟೆಂಬರ್‌ನಲ್ಲಿ ಯೂವರ್ಸ್‌ಗೆ ಪಕ್ಕೆ ಪೆಟ್ಟಾದಾಗ ಮ್ಯಾನಿಂಗ್ ಬಂದು ಸ್ಯಾನ್ ಆಂಟೋನಿಯೊದ ಯುಟಿಎಸ್‌ಎ ಟೀಮಿನ ಮೇಲೆ 4 ಟಚ್‌ಡೌನ್ ಎಸೆದ, 67 ಯಾರ್ಡ್ ಓಡಿ ಐದನೆಯದು. ಮುಂದಿನ ಎರಡು ಆಟವನ್ನೂ ಗೆಲ್ಲಿಸಿದ. ಆಗಲೇ ಬಿಟ್ಟುಬಿಡಬೇಕಿತ್ತು.

ಆಲ್ಫರೆಟ್ಟಾ ಶ್ರೀಧರ

ಮಾಮ, ಆ ಎರಡು ಆಟದಲ್ಲಿ ಒಂದು ಲೂಯಿಸಿಯಾನ-ಮನ್ರೋ. ಅವರ ಮೇಲೆ ನಾನೂ ಎರಡು ಟಚ್‌ಡೌನ್ ಹಾಕ್ತೀನಿ.

ಫ್ರಿಸ್ಕೊ ಅಪ್ಪ

ದೊಡ್ಡ ಹೆಸರಿಗೆ ನಿಷ್ಠೆ ಅಂದರೆ ಮ್ಯಾನಿಂಗ್‌ನನ್ನೇ ಹಾಕಬೇಕಿತ್ತಲ್ಲ ಮಾಮ? ಎನ್‌ಎಫ್‌ಎಲ್ ತಾರೆಗಳಾದ ಪೇಟನ್, ಈಲೈ ಇಬ್ಬರ ಅಣ್ಣನ ಮಗ. ಅದಕ್ಕಿಂತ ದೊಡ್ಡ ಹೆಸರು ಯಾವುದಿದೆ?

ಮೈಸೂರು ಮಾಮ, ಪ್ಲೇನೋ

ನಾನು ಹೇಳಿದ್ದು ನಿಷ್ಠೆಯ ಬಗ್ಗೆ. ಓದಿ ಬರೆಯಿರಿ.

ರೌಂಡ್‌ರಾಕ್ ರಾಘು

ಎಲ್ಲರಿಗೂ ಧನ್ಯವಾದ. ಆದರೆ ಟಿಕೆಟ್ ತಗೊಳ್ಳೋದಾ ಬೇಡ್ವಾ ಅಂತ ಯಾರೂ ಹೇಳಲಿಲ್ಲ. ಕಟ್ಟಲು ಶುಕ್ರವಾರ ಕೊನೆ ದಿನ.

ಸುಮಾ, ಸೀಡರ್ ಪಾರ್ಕ್

ರಾಘು, 2025ರಲ್ಲಿ ಆಸ್ಟಿನ್‌ನಲ್ಲಿ ಇರುವುದು ಆರೇ ಆಟ. ಸ್ಯಾನ್ ಹೋಸೆ ಸ್ಟೇಟ್, ಯುಟೆಪ್, ಸ್ಯಾಮ್ ಹ್ಯೂಸ್ಟನ್, ಮೂರೂ ಸೆಪ್ಟೆಂಬರ್ ಸೆಕೆಯಲ್ಲಿ. ಮೇಲಿನ ಡೆಕ್‌ನಲ್ಲಿ ಮಧ್ಯಾಹ್ನದ ಆಟ ಅಂದರೆ ತಲೆ ಸಿಡಿಯುತ್ತದೆ. ಅಕ್ಟೋಬರ್‌ನಲ್ಲಿ ಒಂದೂ ಇಲ್ಲ. ಒಕ್ಲಹೋಮ ಆಟ ಡಲ್ಲಾಸ್‌ನಲ್ಲಿ. ಆಮೇಲೆ ವ್ಯಾಂಡರ್‌ಬಿಲ್ಟ್, ಆರ್ಕನ್ಸಾ, ಥ್ಯಾಂಕ್ಸ್‌ಗಿವಿಂಗ್ ಮರುದಿನ ನಮ್ಮ ಹಳೇ ಎದುರಾಳಿ ಟೆಕ್ಸಸ್ ಎ ಅಂಡ್ ಎಂ. ನಿಜವಾಗಿ ನೋಡಬೇಕಾದ್ದು ಆ ಕೊನೆಯದು. ಬಿಡಿ ಟಿಕೆಟ್‌ಗೆ ಅದೊಂದೇ ಮೈ ಸುಡುತ್ತದೆ. ಉಳಿದ ಐದು ಬಿಡಿಯಾಗಿ ಅಗ್ಗ. ನಾನು ಸೀಸನ್ ತಗೊಂಡಿದ್ದೇನೆ, ಸಾರ್ಕಿಸಿಯನ್ 2021ರಲ್ಲಿ 5-7 ಮಾಡಿದಾಗಲೂ ಬಿಟ್ಟಿರಲಿಲ್ಲ.

ಬರ್ನ್ಟ್ ಆರೆಂಜ್ ಭಟ್ಟ

ಎ ಅಂಡ್ ಎಂ ಆಟಕ್ಕೆ ಬಿಡಿ ಟಿಕೆಟ್ ಈಗಲೇ ನೋಡಿದೆ. ನಿನ್ನೆಗಿಂತ 35 ಜಾಸ್ತಿ ಆಗಿದೆ.

ಸುಮಾ, ಸೀಡರ್ ಪಾರ್ಕ್

ಒಂದು ಡಾಲರೂ ಕೊಡಲ್ಲ ಅಂದವರು ನಿನ್ನೆಯ ರೇಟು ಯಾಕೆ ನೋಡಿದಿರಿ ಭಟ್ರೇ?

ಬರ್ನ್ಟ್ ಆರೆಂಜ್ ಭಟ್ಟ

ಕೊಳ್ಳಲು ಅಲ್ಲ. ಆರ್ಚ್ ಆಡುತ್ತಾನೆ ಅಂತ ಜನ ಎಷ್ಟು ಹುಚ್ಚಾಗಿದ್ದಾರೆ ಅಂತ ನೋಡಿದೆ. ಒಂದು ಯಾರ್ಡ್‌ನಲ್ಲಿ ಮತ್ತೆ ಟಾಸ್ ಕರೆದರೆ ಅಲ್ಲೇ ಇದ್ದು ಕೂಗಬೇಕಲ್ಲ.

ರೌಂಡ್‌ರಾಕ್ ರಾಘು

ಬಿಡಿ ಟಿಕೆಟ್ ತಗೊಂಡೆ. ಎ ಅಂಡ್ ಎಂ, ಎರಡು ಸೀಟು. ಹೆಂಡತಿಗೆ ಸ್ಯಾನ್ ಹೋಸೆ ಸ್ಟೇಟ್ ಆಟ ಅಂತ ಹೇಳಿದ್ದೇನೆ, ರೇಟು ಯಾರೂ ಇಲ್ಲಿ ಬರೆಯಬೇಡಿ.

ಡಬ್ಲಿನ್ ಗೌಡ (ಒಹಾಯೊ)

ಎಷ್ಟಾಯಿತು?