ಗಣಿ ಕಾರ್ಮಿಕರ ಮಗಳು ಡೊರೊತಿ ಹೈಮನ್ 23ಕ್ಕೇ ನಿಂತುಬಿಟ್ಟಿದ್ದು ಯಾಕೆ?

ಕೆಜಿಎಫ್ ಪಿ.ಟಿ. ಟೀಚರ್:

ನಮಸ್ಕಾರ. ನಾನು ಕೆಜಿಎಫ್‌ನಲ್ಲಿ ಹೈಸ್ಕೂಲ್ ಪಿ.ಟಿ. ಟೀಚರ್. ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ನಾವು ಇಲ್ಲೇ ಉಳಿದೆವು. ನನ್ನ ಹತ್ತಿರ ಓಡಲು ಬರುವ ಹುಡುಗಿಯರ ತಾತಂದಿರು ಹೆಚ್ಚಾಗಿ ಗಣಿಯವರೇ. ಅಪ್ಪಂದಿರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ.

ಇವರಿಗೆ ಹೇಳೋಕೆ ಅಂತ ಹಳೆಯ ಓಟಗಾರ್ತಿಯರ ಬಗ್ಗೆ ಓದುತ್ತಿದ್ದಾಗ ಡೊರೊತಿ ಹೈಮನ್ ಸಿಕ್ಕರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಬಾರ್ನ್ಸ್‌ಲಿ ಹತ್ತಿರ ಕಡ್‌ವರ್ತ್ ಅಂತ ಕಲ್ಲಿದ್ದಲು ಗಣಿಯ ಊರು. ಅಪ್ಪ ಗಣಿ ಕಾರ್ಮಿಕ. ಆ ಒಂದು ಸಾಲು ಓದಿದಾಗಲೇ ನನಗೆ ಇವರು ನಮ್ಮೋರು ಅನ್ನಿಸಿತು.

1960ರ ರೋಮ್ ಒಲಿಂಪಿಕ್ಸ್. ನಮ್ಮ ಮಿಲ್ಖಾ ಸಿಂಗ್ 400 ಮೀಟರ್‌ನಲ್ಲಿ ನಾಲ್ಕನೆಯವರಾದ ಕೂಟ. ಅಲ್ಲಿ ಡೊರೊತಿ 19ನೇ ವಯಸ್ಸಿಗೆ 100 ಮೀಟರ್‌ನಲ್ಲಿ ಬೆಳ್ಳಿ, 200ರಲ್ಲಿ ಕಂಚು ಗೆದ್ದರು. ಎರಡರಲ್ಲೂ ಚಿನ್ನ ಅಮೆರಿಕದ ವಿಲ್ಮಾ ರುಡಾಲ್ಫ್‌ಗೆ. 1962ರಲ್ಲಿ ಬೆಲ್‌ಗ್ರೇಡ್‌ನಲ್ಲಿ 100 ಮೀಟರ್ ಯುರೋಪಿಯನ್ ಚಾಂಪಿಯನ್. ಅದೇ ವರ್ಷ ಪರ್ತ್‌ನ ಕಾಮನ್‌ವೆಲ್ತ್ ಕೂಟದಲ್ಲಿ 100 ಗಜ, 220 ಗಜ ಎರಡಕ್ಕೂ ಚಿನ್ನ. 1964ರ ಟೋಕಿಯೋದಲ್ಲಿ ರಿಲೇ ಕಂಚು. ಆಮೇಲೆ ದೊಡ್ಡ ಕೂಟಗಳಲ್ಲಿ ಹೆಸರೇ ಕಾಣಿಸುವುದಿಲ್ಲ! ಆಗಿನ್ನೂ ಅವರಿಗೆ 23. ಗಾಯವಾಯಿತಾ? ಮನೆ ಕಡೆ ತೊಂದರೆಯಾ? ಮಕ್ಕಳು ಕೇಳಿದರೆ ನಾನು ಸರಿಯಾಗಿ ಹೇಳಬೇಕಲ್ವಾ.

ಇನ್ನೊಂದು ವಿಷಯ. ರೋಮ್‌ನಲ್ಲಿ ಅವರ ಟೈಮಿಂಗ್ 11.3 ಸೆಕೆಂಡ್. ನಮ್ಮ ದ್ಯುತಿ ಚಂದ್ 2021ರಲ್ಲಿ ಓಡಿದ್ದು 11.17. ವ್ಯತ್ಯಾಸ ಇಷ್ಟೇನಾ?

ಹಳೇ ಸ್ಪೈಕ್ಸ್, ಕೋಲಾರ:

ಮೇಡಂ, ಕಾರಣ ಒಂದು ಪುಸ್ತಕ. ಡೊರೊತಿ ತಮ್ಮ ಓಟದ ಬದುಕಿನ ಬಗ್ಗೆ ಪುಸ್ತಕ ಬರೆದು ಅದಕ್ಕೆ ಹಣ ಪಡೆದರು. ಆಗಿನ ಅಥ್ಲೆಟಿಕ್ಸ್‌ನಲ್ಲಿ ಅಮೆಚೂರ್ ನಿಯಮ ಬಹಳ ಬಿಗಿ. ಆಟದ ಹೆಸರಿನಿಂದ ದುಡ್ಡು ಬಂತು ಅಂದರೆ ಅವರು ವೃತ್ತಿಪರರು, ಅಲ್ಲಿಗೆ ಮುಗಿಯಿತು. 1969ರಲ್ಲಿ ಅವರು ಮತ್ತೆ ಟ್ರ್ಯಾಕಿಗಿಳಿದು ದೇಶದೊಳಗಿನ ಕೂಟಗಳಲ್ಲಿ ಓಡಿದರು. ಬ್ರಿಟನ್ ಪರ ಓಡಲು ಮಾತ್ರ ಬಿಡಲಿಲ್ಲ. 1963ರಲ್ಲಿ ಬಿಬಿಸಿಯ ವರ್ಷದ ಕ್ರೀಡಾ ವ್ಯಕ್ತಿ ಪ್ರಶಸ್ತಿ ಕೊಟ್ಟು ಮೆರೆಸಿದ ನಾಡು ಅದು. ಬರೆದಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ ಅಂತ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಆ ನಿಯಮ ಶುರುವಾಗಿದ್ದೇ ಉಳ್ಳವರ ಕಾಲದಲ್ಲಿ. ಮನೆಯಲ್ಲಿ ಆಸ್ತಿ ಇದ್ದವರಿಗೆ ದುಡ್ಡು ಮುಟ್ಟದೆ ಓಡುವುದು ಸುಲಭ. ಗಣಿ ಕಾರ್ಮಿಕರ ಮಗಳಿಗೆ?

ಸ್ಟಾಪ್‌ವಾಚ್, ಬಂಗಾರಪೇಟೆ:

ಟೈಮಿಂಗ್ ಬಗ್ಗೆ ನಾನು ಹೇಳುತ್ತೇನೆ. 11.3 ಅನ್ನುವುದು ಸ್ಟಾಪ್‌ವಾಚನ್ನು ಕೈಯಲ್ಲಿ ಒತ್ತಿ ಹಿಡಿದ ಲೆಕ್ಕ. ಗನ್ ಹೊಡೆದದ್ದನ್ನು ನೋಡಿ ಬೆರಳು ಒತ್ತುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಅದಕ್ಕೇ ಎಲೆಕ್ಟ್ರಾನಿಕ್ ಟೈಮಿಂಗ್ ಜೊತೆ ಹೋಲಿಸುವಾಗ 100 ಮೀಟರ್‌ಗೆ 0.24 ಸೆಕೆಂಡ್ ಸೇರಿಸುವ ರೂಢಿ ಇದೆ. ಅಲ್ಲಿಗೆ ಸುಮಾರು 11.5 ಅಂತಿಟ್ಟುಕೊಳ್ಳಿ. ಆ ಫೈನಲ್‌ನಲ್ಲಿ ಹಿಂದಿನಿಂದ ಗಾಳಿಯೂ ಜಾಸ್ತಿ ಇತ್ತು. ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆಗೆ ಲೆಕ್ಕವಿಲ್ಲ. ರುಡಾಲ್ಫ್ ಅವರ 11.0 ವಿಶ್ವದಾಖಲೆ ಆಗದೇ ಹೋಗಿದ್ದು ಹಾಗೆ.

ಆದರೆ ಬರೀ ಅಂಕಿ ಹಿಡಿದು ತೂಗಬೇಡಿ. ಅವರು ಓಡಿದ್ದು ಸಿಂಡರ್ ಟ್ರ್ಯಾಕ್ ಮೇಲೆ, ಅಂದರೆ ಕಲ್ಲಿದ್ದಲು ಸುಟ್ಟುಳಿದ ಚೂರು ಹಾಸಿದ ನೆಲ. ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದಿದ್ದು 1968ರ ಮೆಕ್ಸಿಕೋದಲ್ಲಿ. ನಿಮ್ಮ ಹುಡುಗಿಯರು ಮಣ್ಣಿನ ಮೈದಾನದಲ್ಲಿ ಓಡುತ್ತಾರಲ್ಲ, ಹೆಜ್ಜೆ ಕೆಳಗೆ ನೆಲ ಜಾರುವುದು ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಿಲ್ಲ.

ಕೆಜಿಎಫ್ ಪಿ.ಟಿ. ಟೀಚರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪುಸ್ತಕದ ವಿಷಯ ಓದಿ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ. ಓಡುವ ಕಾಲು ಗಟ್ಟಿಯಾಗಿದ್ದಾಗ ಬಾಗಿಲು ಹಾಕಿಬಿಡುವುದು ಎಷ್ಟು ಅನ್ಯಾಯ!

ಮಕ್ಕಳಿಗೆ ಇವತ್ತೇ ಹೇಳಿದೆ. ಕಡ್‌ವರ್ತ್‌ನಲ್ಲಿ ಈಗ ಅವರದೇ ಹೆಸರಿನ ಕ್ರೀಡಾಂಗಣ ಇದೆ ಅಂದಾಗ ಎಲ್ಲರೂ ಖುಷಿಪಟ್ಟರು. ಆದರೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮುಖ ಸಪ್ಪಗಾಯಿತು. ಊರ ಹಬ್ಬದ ಓಟದಲ್ಲಿ ಗೆದ್ದ ದುಡ್ಡನ್ನು ಅವಳು ಅಮ್ಮನ ಕೈಗೆ ಕೊಟ್ಟಿದ್ದಾಳೆ. "ಮಿಸ್, ನನ್ನನ್ನೂ ಜಿಲ್ಲಾ ಮಟ್ಟಕ್ಕೆ ಬಿಡಲ್ವಾ?" ಅಂದಳು. ತೊಂದರೆ ಇಲ್ಲಮ್ಮ ಅಂತ ಹೇಳಿದ್ದೇನೆ. ಅವಳ ಅಮ್ಮನಿಗೂ ತೋರಿಸಬೇಕು, ಯಾರಾದರೂ ಇಲ್ಲಿ ಬಿಡಿಸಿ ಬರೆಯುತ್ತೀರಾ?

ಹಳೇ ಸ್ಪೈಕ್ಸ್, ಕೋಲಾರ:

ಖಂಡಿತ ತೋರಿಸಿ, ಮೇಡಂ. ಆ ಕಟ್ಟು 1980ರ ದಶಕದಲ್ಲೇ ಸಡಿಲವಾಯಿತು. ಈಗ ಬಹುಮಾನದ ಹಣ ಎಲ್ಲಾ ಕಡೆ ಮಾಮೂಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್ ಚಿನ್ನ ಗೆದ್ದವರಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ 50,000 ಡಾಲರ್ ಕೊಟ್ಟಿತು. ಮಗು ಗೆದ್ದ ದುಡ್ಡು ಮಗುವಿನದೇ. ಮೊದಲು ಅದರಲ್ಲಿ ಒಂದು ಜೊತೆ ಒಳ್ಳೆಯ ಸ್ಪೈಕ್ಸ್ ತೆಗೆಸಿಕೊಡಲು ಅಮ್ಮನಿಗೆ ಹೇಳಿ. ಕಾಲಿನ ಅಳತೆ ಕಳಿಸಿದರೆ ಕೋಲಾರದ ಅಂಗಡಿಗಳಲ್ಲಿ ನಾನೇ ವಿಚಾರಿಸುತ್ತೇನೆ.